ಸೋಸಿದರೆ ಉಪ್ಪು ಹೋಗದು

ಅಡುಗೆ ಮಾಡುವವರು ವಿಜ್ಞಾನ ಓದಬಾರದು. ಓದಿದ ಪಾಠವೆಲ್ಲ ಒಂದೊಂದಾಗಿ ಒಲೆಯ ಮುಂದೆ ಬಂದು ನಿಲ್ಲುತ್ತದೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ದೋಹಾದ ಅಲ್ ಗರಾಫಾದಲ್ಲಿ ಕೇಟರಿಂಗ್ ಶುರು ಮಾಡಿದ್ದು ಎರಡು ಕುಕ್ಕರ್ ಮತ್ತು ನನ್ನ ಹಟದ ಮೇಲೆ. ಮಗಳ ಹಳೆಯ ಪಠ್ಯಪುಸ್ತಕಗಳನ್ನು ಮೊಬೈಲಿನ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದುವುದು ನನ್ನ ಚಟ. ವೆಸ್ಟ್ ಬೇಯ ಒಂದು ಆಫೀಸಿನ ದಿನದ ಊಟದ ಆರ್ಡರ್ ಸಿಗುತ್ತದೋ ಇಲ್ಲವೋ ಎಂಬ ವಾರದಲ್ಲಿ ನಾನು ಓದುತ್ತಿದ್ದದ್ದು ಮಿಶ್ರಣ ಮತ್ತು ದ್ರಾವಣದ ಪಾಠ. ಆರ್ಡರ್ ಸಿಕ್ಕರೆ ಅಡುಗೆಮನೆ ಉಳಿಯುತ್ತಿತ್ತು, ಇಲ್ಲದಿದ್ದರೆ ಬೀಗ.

೧. ಸಕ್ಕರೆ ಡಬ್ಬಿ

ನನ್ನ ಯಜಮಾನರು ಮೆಸಯೀದಿನ ಪ್ಲಾಂಟಿನಲ್ಲಿ ಟೆಕ್ನಿಷಿಯನ್. ರಜೆಯ ದಿನ ಸಹಾಯಕ್ಕೆಂದು ಬಂದವರು ಸಕ್ಕರೆ ಡಬ್ಬಿಗೆ ಉಪ್ಪು ಸುರಿದರು.

"ಹೆದರಬೇಡ ಮಾರಾಯ್ತಿ. ಮಿಶ್ರಣವನ್ನು ಬೇರ್ಪಡಿಸಬಹುದು ಅಂತ ನಿನ್ನೆ ನೀನೇ ಓದಿ ಹೇಳಿದ್ದಲ್ಲವಾ?"

"ಹೇಳಿದ್ದೆ. ಬೇರ್ಪಡಿಸಿ ಮಾರಾಯ್ರೆ" ಎಂದು ತಟ್ಟೆ, ಕನ್ನಡಕ ಎರಡನ್ನೂ ಮುಂದಿಟ್ಟೆ.

ಹಟದಲ್ಲಿ ಅವರೂ ಕಡಿಮೆಯಲ್ಲ, ಕೂತೇಬಿಟ್ಟರು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಒಂದೊಂದೇ ಹರಳು ನಾಲಗೆಗೆ ಇಟ್ಟು ಪರೀಕ್ಷೆ ನಡೆದಿದೆ, ತಟ್ಟೆ ಮಾತ್ರ ಖಾಲಿ.

"ಏನು ಬೇರೆಯಾಯಿತು?"

"ಉಪ್ಪು ಉಗುಳಿದೆ, ಸಕ್ಕರೆ ನುಂಗಿದೆ. ಇನ್ನೇನು ಬೇಕು ನಿನಗೆ?"

೨. ಪ್ಲಾಂಟಿನ ಬುದ್ಧಿ

ಆಫೀಸಿನವರಿಗೆ ರುಚಿ ತೋರಿಸುವ ದಿನ ಸಾಂಬಾರಿಗೆ ನಾನೂ ಉಪ್ಪು ಹಾಕಿದೆ, ನನಗೆ ಗೊತ್ತಿಲ್ಲದೆ ಯಜಮಾನರೂ ಹಾಕಿದರು. ಬಾಯಿಗಿಡುವ ಹಾಗಿರಲಿಲ್ಲ.

"ನಮ್ಮ ಪ್ಲಾಂಟಿನಲ್ಲಿ ಎಲ್ಲದಕ್ಕೂ ಫಿಲ್ಟರ್ ಇದೆ" ಎಂದು ಅವರು ಜರಡಿ ಹುಡುಕಿದರು.

"ಉಪ್ಪು ಕರಗಿ ದ್ರಾವಣ ಆಗಿದೆ. ಸೋಸಿದರೆ ಸಿಗುವುದಿಲ್ಲ" ಎಂದೆ.

"ಪುಸ್ತಕ ಬೇರೆ, ಪ್ಲಾಂಟ್ ಬೇರೆ" ಎಂದವರೇ ಸೋಸಿಯೇಬಿಟ್ಟರು. ಜರಡಿಯಲ್ಲಿ ನುಗ್ಗೆಕಾಯಿ, ಬೇಳೆ, ಟೊಮೆಟೊ, ಕರಿಬೇವು ಎಲ್ಲ ಬಂದು ಕೂತವು. ಉಪ್ಪೊಂದನ್ನು ಬಿಟ್ಟು ಸಾಂಬಾರು ಪೂರ್ತಿ ಹೊರಗೆ ಬಂದಿತ್ತು.

ಎಲ್ಲವನ್ನೂ ವಾಪಸ್ ಹಾಕಿ, ಮತ್ತಷ್ಟು ಬೇಳೆ ಬೇಯಿಸಿ, ನೀರು ಸೇರಿಸುತ್ತ ಹೋದೆ. ರುಚಿ ಸರಿಯಾಯಿತು. ಆದರೆ ಅಂದು ನಮ್ಮ ಕಟ್ಟಡದಲ್ಲಿ ಯಾರ ಮನೆಯಲ್ಲೂ ಸಾಂಬಾರು ಮಾಡಬೇಕಾಗಲಿಲ್ಲ.

೩. ನಲ್ಲಿ ಇರುವ ಜಾಡಿ

ಆ ದಿನ ಆಫೀಸಿಗೆ ಊಟದ ಜೊತೆಗೆ ಮಸಾಲೆ ಮಜ್ಜಿಗೆ ಒಯ್ದಿದ್ದೆ. ಚೆಂದ ಕಾಣಲಿ ಅಂತ, ತಳದಲ್ಲಿ ನಲ್ಲಿ ಇರುವ ಎರಡು ಗಾಜಿನ ಜಾಡಿ. ಊಟ ಮುಗಿಯುವ ಹೊತ್ತಿಗೆ ಮಜ್ಜಿಗೆ ತಣ್ಣಗೆ ಎರಡು ಪಾಲಾಗಿತ್ತು: ಕೆಳಗೆ ಶುಂಠಿ, ಹಸಿಮೆಣಸು, ಗಟ್ಟಿ ಮೊಸರು, ಮೇಲೆ ತೆಳ್ಳಗಿನ ನೀರು. ನಾನು ಕಡೆಗೋಲು ಹಿಡಿದು ಓಡುವಷ್ಟರಲ್ಲಿ ಹುಬ್ಬಳ್ಳಿ ಕಡೆಯ ಮ್ಯಾನೇಜರ್ ಮೊದಲ ಲೋಟ ಹಿಡಿದು ಕುಡಿದಾಗಿತ್ತು. ಅವರ ಕಣ್ಣು, ಮೂಗು ಎರಡೂ ಸುರಿಯತೊಡಗಿದವು. ಆರ್ಡರ್ ಖಲಾಸ್ ಅಂದುಕೊಂಡೆ.

"ಅಕ್ಕಾರ" ಎಂದರು ಮ್ಯಾನೇಜರ್, ಕಣ್ಣೊರೆಸಿಕೊಂಡು, "ದೋಹಾಕ್ಕ ಬಂದ ಮ್ಯಾಲೆ ಖಾರ ಅಂದ್ರೇನು ಅಂತ ಇವತ್ತ ನೆನಪಾತು ನೋಡ್ರಿ."

ಈ ಮಾತಿನಲ್ಲಿ ನಾನು ಕಲಕುವುದನ್ನೇ ಮರೆತೆ. ಸಾಲಿನ ಕೊನೆಯಲ್ಲಿದ್ದ ಮಂಗಳೂರಿನ ಅಕೌಂಟೆಂಟಿಗೆ ಜಾಡಿಯಲ್ಲಿ ಉಳಿದ ನೀರಷ್ಟೇ ಸಿಕ್ಕಿತು. "ನನ್ನ ಗ್ಯಾಸ್ಟ್ರಿಕ್ಕಿಗೆ ಹೇಳಿ ಮಾಡಿಸಿದ ಹಾಗಿದೆ ಅಕ್ಕ" ಎಂದರು ಅವರು.

ತಪ್ಪಿಗೆ ಸಿಕ್ಕ ಹೊಗಳಿಕೆ ಇಟ್ಟುಕೊಳ್ಳುವ ಜಾತಿ ನಾನಲ್ಲ. "ಮಜ್ಜಿಗೆ ದ್ರಾವಣ ಅಲ್ಲ, ಕರಗದ ಮಿಶ್ರಣ. ನಿಂತರೆ ತಳ ಸೇರುತ್ತದೆ. ಕಲಕಿಯೇ ಕುಡಿಯಬೇಕು" ಎಂದು ಪಾಠ ಹೇಳಿ, ಎರಡನೇ ಜಾಡಿಯನ್ನು ಚೆನ್ನಾಗಿ ಕಡೆದು ಇಬ್ಬರಿಗೂ ಕೊಟ್ಟೆ.

ಮ್ಯಾನೇಜರ್ ಮುಖ ಸಪ್ಪಗಾಯಿತು. ಅಕೌಂಟೆಂಟ್ ಕೆಮ್ಮುತ್ತ ನೀರು ಹುಡುಕಿಕೊಂಡು ಹೋದರು.

"ಆರ್ಡರ್ ನಿಮಗ ರೀ ಅಕ್ಕಾರ" ಎಂದರು ಮ್ಯಾನೇಜರ್, ಲೋಟ ಕೆಳಗಿಟ್ಟು. "ಆದ್ರ ಮಜ್ಜಿಗಿ ಕಲಕಂಗಿಲ್ಲ. ನಾ ಸಾಲಿನ್ಯಾಗ ಮೊದಲ ನಿಲ್ತೇನಿ, ಅವರು ಕೊನಿಗೆ."

"ಕಲಕದಿದ್ದರೆ ಅದು ಸರಿಯಾದ ಮಜ್ಜಿಗೆಯೇ ಅಲ್ಲ ಸಾರ್" ಎಂದು ನಾನೂ ಬಿಡಲಿಲ್ಲ.

ಮರುದಿನ ಸೆಕ್ಯುರಿಟಿಯವನು ನನ್ನ ಪಾತ್ರೆ, ಜಾಡಿ, ಸೌಟು ಎಲ್ಲವನ್ನೂ ಒಳಗೆ ಬಿಟ್ಟ. ಕಡೆಗೋಲನ್ನು ಮಾತ್ರ "ಮ್ಯಾನೇಜರ್ ಹೇಳಿದ್ದಾರೆ, ಮಾಫಿ, ಇದು ಒಳಗಿಲ್ಲ" ಎಂದು ತನ್ನ ಕುರ್ಚಿಯ ಹಿಂದೆ ಇಟ್ಟುಕೊಂಡ.