ಕಾಲೇಜು ಫೀಸಿಗೆ ಚೌಕಾಶಿ

ಚೌಕಾಶಿಯಲ್ಲಿ ನನ್ನನ್ನು ಸೋಲಿಸುವ ಗಂಡಸು ಸುಲ್ತಾನ್ ಬಜಾರಿನಲ್ಲಿ ಇನ್ನೂ ಹುಟ್ಟಿಲ್ಲ. ಹೆಂಗಸರು ಹುಟ್ಟಿದ್ದಾರೆ, ಆ ಮಾತು ಬೇರೆ. ಅಲ್ಲಿ ನನ್ನದೊಂದು ಇಳಕಲ್ ಸೀರೆಯ ಅಂಗಡಿ. ದಿನವಿಡೀ ಗಿರಾಕಿಗಳ ಜೊತೆ ಎಳೆದಾಡಿ ನಾಲಿಗೆಗೆ ಸಾಣೆ ಹಿಡಿದಂತಾಗಿದೆ. ಹೀಗಿರುವಾಗ ಮಗಳು ಅಕ್ಷತಾಳ ಕಾಲೇಜು ಅಡ್ಮಿಷನ್ ಎಂಬ ಮಹಾಕಾರ್ಯಕ್ಕೆ ನನಗಿಂತ ಯೋಗ್ಯ ಪುರುಷ ಯಾರು?

ಶಂಶಾಬಾದಿನ ಆಚೆ ಇರುವ ಆ ಕಾಲೇಜು ತೀರಾ ಸಣ್ಣದು. ಇಂಜಿನಿಯರಿಂಗ್ ಇಲ್ಲ, ಡಾಕ್ಟರಿಕೆ ಇಲ್ಲ. ಇತಿಹಾಸ, ಅರ್ಥಶಾಸ್ತ್ರ, ತತ್ವಶಾಸ್ತ್ರ, ಸಂಗೀತ ಎಲ್ಲವನ್ನೂ ಒಂದೇ ಡಿಗ್ರಿಯಲ್ಲಿ ಕಲಿಸುತ್ತಾರಂತೆ. ಓದಿದರೆ ಅಲ್ಲೇ ಎಂದು ಅಕ್ಷತಾ ಹಟ ಹಿಡಿದಿದ್ದಳು. ಬೇರೆ ಕಡೆ ಅರ್ಜಿಯನ್ನೇ ಹಾಕಿರಲಿಲ್ಲ. ಪ್ರವೇಶ ಪರೀಕ್ಷೆ ಪಾಸಾಗಿದ್ದಳು. ಉಳಿದಿದ್ದು ಸಂದರ್ಶನ ಒಂದೇ, ಅದಕ್ಕೆ ತಂದೆಯೋ ತಾಯಿಯೋ ಜೊತೆಗೆ ಹೋಗಬೇಕು. ಫೀಸು ಮಾತ್ರ ಕೇಳಿದವರ ಎದೆ ಝಲ್ಲೆನ್ನುವಷ್ಟು!

ಹೊರಡುವಾಗ ಹೆಂಡತಿ ಸುಮಂಗಲಾ ಬಾಗಿಲಿಗೆ ಅಡ್ಡ ನಿಂತಳು.

"ಅಲ್ರೀ, ಅಲ್ಲಿ ಹೋಗಿ ನಿಮ್ಮ ಅಂಗಡಿ ಬುದ್ಧಿ ತೋರಸಬ್ಯಾಡ್ರಿ. ಕೇಳಿದ್ದಕ್ಕಷ್ಟ ಹೇಳ್ರಿ."

"ನೀ ಸುಮ್ಮನಿರು. ಎಲ್ಲಾರೂ ಮೊದ್ಲ ಜಾಸ್ತೀನ ಹೇಳ್ತಾರ. ಇಳಸೋದು ನಮ್ಮ ಕೆಲಸ."

"ಮಗಳ ಮುಂದ ಮಾನ ಕಳಕೋಬ್ಯಾಡ್ರಿ, ಅಷ್ಟ!"

ನಾನು ನಕ್ಕೆ. ವ್ಯವಹಾರ ಅರಿಯದ ಹೆಂಗಸು ಎಂದುಕೊಂಡೆ.

ಸಂದರ್ಶನ ಮಾಡಿದವರು ಒಬ್ಬ ತೆಲುಗು ಮೇಡಂ. ಅಕ್ಷತಾಳನ್ನು ಇಂಗ್ಲಿಷಿನಲ್ಲಿ ಏನೇನೋ ಕೇಳಿದರು. ಹುಡುಗಿ ಪಟಪಟನೆ ಉತ್ತರ ಕೊಟ್ಟಳು. ಒಂದೂ ಅರ್ಥವಾಗದಿದ್ದರೂ ನನ್ನ ಎದೆ ಉಬ್ಬಿತು. ಆಮೇಲೆ ಮೇಡಂ ನನ್ನ ಕಡೆ ತಿರುಗಿ ಹಿಂದಿಯಲ್ಲಿ, "ನಿಮ್ಮ ವ್ಯಾಪಾರ ಹೇಗಿದೆ?" ಎಂದರು.

"ಭರ್ಜರಿ!" ಎಂದೆ.

ನಿಜ ಹೇಳಬೇಕೆಂದರೆ, ಜನ ಮೊಬೈಲಿನಲ್ಲೇ ಸೀರೆ ತರಿಸಿಕೊಳ್ಳಲು ಶುರುಮಾಡಿದ ಮೇಲೆ ಎಷ್ಟೋ ದಿನ ನನಗೆ ಬೋಣಿಗೆಯೂ ಆಗುವುದಿಲ್ಲ. ಮನೆಯಲ್ಲಿ ಅದನ್ನು ಹೇಳಿರಲಿಲ್ಲ. ಹೊರಗಿನವರ ಮುಂದೆ ಹೇಳುತ್ತೇನೆಯೇ? ಎರಡು ಅಂತಸ್ತಿನ ಅಂಗಡಿ, ಊರೂರಿಗೆ ಮಾಲು ಹೋಗುತ್ತದೆ ಎಂದು ಬಿಟ್ಟೇಬಿಟ್ಟೆ. ಅಕ್ಷತಾ ನೆಲ ನೋಡುತ್ತ ಕುಳಿತಳು.

ಫೀಸಿನ ಮಾತು ಬಂತು. ನಾನು ಕುರ್ಚಿ ಮುಂದಕ್ಕೆಳೆದುಕೊಂಡೆ.

"ಮೇಡಂ, ಇದು ಹೇಳುವ ರೇಟು. ಕೊಡುವ ರೇಟು ಹೇಳಿ."

ಮೇಡಂ ಗಾಬರಿಯಾದರು. "ಮನೆಯ ಕಷ್ಟ ನೋಡಿ ನಾವು ರಿಯಾಯಿತಿ ಕೊಡುತ್ತೇವೆ. ಆದರೆ ನಿಮ್ಮ ವ್ಯಾಪಾರ ಭರ್ಜರಿ ಎಂದಿರಲ್ಲ?"

ಬುದ್ಧಿವಂತನಾಗಿದ್ದರೆ ಅಲ್ಲೇ ನಿಜ ಒಪ್ಪಿಕೊಳ್ಳುತ್ತಿದ್ದೆ. ನಾನು ಬೇರೆ ದಾರಿ ಹಿಡಿದೆ.

"ಹಾಗಾದರೆ ತತ್ವಶಾಸ್ತ್ರ ತೆಗೆದುಬಿಡಿ. ನಮ್ಮ ಮನೆಯಲ್ಲಿ ಅದನ್ನು ಯಾರೂ ಬಳಸುವುದಿಲ್ಲ. ಸಂಗೀತವೂ ಬೇಡ. ಈಗ ಎಷ್ಟಾಯಿತು?"

"ಇಲ್ಲಿ ವಿಷಯಗಳನ್ನು ಬಿಡಿಬಿಡಿಯಾಗಿ ಮಾರುವುದಿಲ್ಲ!"

"ಪಕ್ಕದ ಮನೆ ಹುಡುಗಿಯನ್ನೂ ಕರೆತರುತ್ತೇನೆ. ಜೋಡಿಗೆ ಎಷ್ಟು?"

ಮೇಜಿನ ಕೆಳಗೆ ಅಕ್ಷತಾ ನನ್ನ ಕಾಲು ತುಳಿದಳು. ಅವಳು ಹುರುಪು ತುಂಬುತ್ತಿದ್ದಾಳೆ ಎಂದುಕೊಂಡೆ! ಇನ್ನೇನು ಮೇಡಂ ಇಳಿಯುತ್ತಾರೆ, ಒಂದೇ ಒಂದು ದಬ್ಬು ಸಾಕು ಎನ್ನಿಸಿ ಕೊನೆಯ ಬ್ರಹ್ಮಾಸ್ತ್ರ ಬಿಟ್ಟೆ. ಅಂದರೆ, ಎದ್ದು ನಿಂತೆ. "ಆಯಿತು ಮೇಡಂ, ಬೇರೆ ಕಡೆ ನೋಡುತ್ತೇವೆ" ಎಂದು ಮಗಳ ಕೈ ಹಿಡಿದು ಹೊರಟೇಬಿಟ್ಟೆ. ನನ್ನ ಅಂಗಡಿಯಲ್ಲಿ ಹೀಗೆ ಎದ್ದುಹೋದ ಗಿರಾಕಿ ಮೆಟ್ಟಿಲು ಇಳಿಯುವುದರೊಳಗೆ ನಾನೇ ಕೂಗಿ ಕರೆಯುತ್ತೇನೆ.

"ಅಪ್ಪಾ, ಏನ್ ಮಾಡಾಕತ್ತೀ?"

"ಹಿಂದ ತಿರಗಿ ನೋಡಬ್ಯಾಡ. ಈಗ ಕರೀತಾರ."

ಮದುವೆ ಮೆರವಣಿಗೆಯಂತೆ ನಿಧಾನವಾಗಿ ನಡೆದೆವು. ಕರೆಯಲಿಲ್ಲ. ಬೇವಿನ ಮರದ ಕೆಳಗೆ ನಿಂತು ಚಪ್ಪಲಿ ಸರಿಮಾಡಿಕೊಂಡೆ. ಕರೆಯಲಿಲ್ಲ. ಸರಿಯಿದ್ದ ಇನ್ನೊಂದು ಚಪ್ಪಲಿಯನ್ನೂ ಸರಿಮಾಡಿಕೊಂಡೆ. ಗೇಟಿನಲ್ಲಿ ವಾಚ್‌ಮನ್ ಮಾತ್ರ ನಮ್ಮನ್ನು ನೋಡಿದ್ದೇ ಗೇಟು ಪೂರಾ ತೆರೆದು ಸಲಾಮು ಹೊಡೆದ.

ಅಕ್ಷತಾಳ ಕಣ್ಣು ತುಂಬಿ ಬಂತು. "ನನ್ನ ಸೀಟು ಹೋತಲ್ಲಪ್ಪಾ!" ಎಂದು ಕೈ ಕೊಸರಿಕೊಂಡು ಒಳಗೆ ಓಡಿದಳು.

ನನಗೆ ಅವಳ ಹಿಂದೆ ಹೋಗಲು ಕಾಲೇ ಬರಲಿಲ್ಲ. ಎದ್ದುಹೋದ ಗಿರಾಕಿ ತಾನಾಗಿ ವಾಪಸ್ ಬಂದರೆ ನಾನು ಎಂಥ ನಗೆ ನಗುತ್ತೇನೆ ಎಂಬುದು ನನಗೆ ಗೊತ್ತು. ಬಿಸಿಲಿನಲ್ಲಿ ನಿಂತೆ. ಮಗಳ ಬದುಕನ್ನು ಸೀರೆಯಂತೆ ಮೇಜಿನ ಮೇಲೆ ಹಾಸಿ ಎಳೆದಾಡಿದೆನಲ್ಲ ಎಂದು ನಾಚಿಕೆಯಾಯಿತು.

ಬಹಳ ಹೊತ್ತಿನ ಮೇಲೆ ಬಂದಳು. ಕೈಯಲ್ಲಿ ನೀರಿನ ಬಾಟಲಿ ಇತ್ತು.

"ಸೀಟು ಸಿಕ್ತು. ಫೀಸಿನ್ಯಾಗೂ ಭಾಳ ಬಿಟ್ಟಾರ."

ನನ್ನ ಎದೆ ಮತ್ತೆ ಉಬ್ಬಿತು, ನಾಚಿಕೆಗೆಟ್ಟದ್ದು! "ನೋಡಿದ್ಯಾ? ನಾ ಎದ್ದು ಬಂದಿದ್ದಕ್ಕನ..."

"ಅಲ್ಲಪ್ಪಾ. ನಾ ಖರೇ ಹೇಳಿದೆ. ಅಂಗಡ್ಯಾಗ ಬೋಣಿಗೀನೂ ಆಗಂಗಿಲ್ಲ, ನಮ್ಮಪ್ಪ ಅದನ್ನ ಮುಚ್ಚಿಟ್ಟು ಮನ್ಯಾಗ ನಕ್ಕೋತ ಇರ್ತಾನ ಅಂತ."

"ನಿನಗ ಹ್ಯಾಂಗ ಗೊತ್ತು?"

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನಪ್ಪಾ? ಅವ್ವಗೂ ಗೊತ್ತೈತಿ."

ಮತ್ತೆ ಚಪ್ಪಲಿ ಸರಿಮಾಡಿಕೊಂಡೆ. ಕೊನೆಗೆ ಮೆಲ್ಲಗೆ ಕೇಳಿದೆ. "ಮೇಡಂ ನನಗ ಏನರ ಅಂದ್ರೇನು?"

"ಅಂದ್ರು. 'ನಿಮ್ಮ ತಂದೆ ಬಿಸಿಲಾಗ ನಿಂತಾರ, ಮೊದ್ಲ ಹೋಗಿ ನೀರು ಕುಡಸು' ಅಂದ್ರು."

ಬಾಟಲಿ ಕೈಗಿಟ್ಟಳು. ಗಟಗಟ ಕುಡಿದೆ. ನೀರು ಖಾಲಿಯಾದ ಮೇಲೂ ಬಾಟಲಿಯನ್ನು ಬಾಯಿಂದ ಇಳಿಸಲಿಲ್ಲ. ಇಳಿಸಿದರೆ ಮಗಳ ಮುಖ ನೋಡಬೇಕಿತ್ತಲ್ಲ!