ತೆಳು ಟೈರಿನ ಸೇಡು

ಸಾಹೇಬರನ್ನು ತನ್ನ ಕಾರಿನಿಂದ ಇಳಿಸುವುದು ಹೇಗೆಂದು ಗುಮಾಸ್ತ ವರ್ಷದಿಂದ ತಲೆ ಕೆರೆದುಕೊಳ್ಳುತ್ತಿದ್ದ. ಪಕ್ಕದ ಬೀದಿಯಲ್ಲೇ ಮನೆಯಿದ್ದ, ಅವನ ಕಚೇರಿಯ ಮ್ಯಾನೇಜರ್ ಸಾಹೇಬರು "ಹೇಗೂ ದಾರೀಲೇ ಅಲ್ವೇನ್ರೀ" ಎಂದು ಒಂದು ದಿನ ಹತ್ತಿದವರು, ಉಡದಂತೆ ಹಿಂದಿನ ಸೀಟು ಕಚ್ಚಿಕೊಂಡಿದ್ದರು. ದಾರಿಯುದ್ದಕ್ಕೂ ಗುಮಾಸ್ತನ ಡ್ರೈವಿಂಗು, ಅಂಗಿ, ಸಂಸಾರ ಎಲ್ಲದಕ್ಕೂ ಅವರದೊಂದು ಸಲಹೆ. ಬರಬೇಡಿ ಅನ್ನೋಣವೆಂದರೆ ಬಡ್ತಿ ಅವರ ಕೈಯಲ್ಲಿತ್ತು.

ಉಪಾಯ ಹೇಳಿದವನು ಭಾವಮೈದ. "ಭಾವ, ಲೋ ಪ್ರೊಫೈಲ್ ಟೈರ್ ಹಾಕ್ಸಿ. ರಬ್ಬರು ಇಷ್ಟೇ ಇಷ್ಟು. ರಸ್ತೇಲಿ ಕಡ್ಡಿ ಬಿದ್ದಿದ್ರೂ ಕೂತೋರ ಬೆನ್ನುಮೂಳೆಗೆ ಗೊತ್ತಾಗತ್ತೆ. ಎರಡೇ ದಿನ, ನಿಮ್ಮ ಸಾಹೇಬ್ರು ಬಸ್ ಹಿಡೀತಾರೆ."

ಮರುದಿನ ಬೆಳಿಗ್ಗೆ ಗ್ಯಾರೇಜಿನಲ್ಲಿ ಹಳೇ ಚಕ್ರಗಳು ಕಳಚಿ, ಥಳಥಳಿಸುವ ದೊಡ್ಡ ಅಲಾಯ್ ಚಕ್ರಗಳು ಕೂತವು. ಅವಕ್ಕೆ ಸುತ್ತಿದ್ದ ಟೈರು ಚಡ್ಡಿಯ ಎಲಾಸ್ಟಿಕ್ಕಿನಷ್ಟೇ ದಪ್ಪ. ಗುಮಾಸ್ತ ಬಗ್ಗಿ ನೋಡಿದ. ಚಕ್ರದಲ್ಲಿ ಅವನ ಮುಖ ಮಿಂಚುತ್ತಿತ್ತು, ನಿಜಕ್ಕಿಂತ ಚೆನ್ನಾಗಿ. ಎಡವಟ್ಟಾದದ್ದು ಅಲ್ಲೇ. ಈ ವಯಸ್ಸಿನಲ್ಲಿ ಅವನು ಆ ಚಕ್ರಗಳ ಪ್ರೇಮಕ್ಕೆ ಬಿದ್ದ.

"ಗುಂಡಿಗೆ ಮಾತ್ರ ಇಳಿಸ್ಬೇಡಿ ಸಾರ್, ರಿಮ್ಮು ಹೋಗ್ಬಿಡತ್ತೆ," ಎಂದ ಮೆಕ್ಯಾನಿಕ್ಕು.

"ಛೇ ಛೇ, ಎಲ್ಲಾದ್ರೂ ಇಳಿಸ್ತೀನಾ!" ಎಂದ, ಗುಂಡಿಗಿಳಿಸಲೆಂದೇ ಬಂದಿದ್ದವನು.

ಸಾಹೇಬರು ಹಿಂದೆ ಕೂತರು. ಮೊದಲ ಗುಂಡಿ ಬಂತು. ಗುಮಾಸ್ತ ಹಲ್ಲು ಕಚ್ಚಿದ. ಕಾಲು ಮಾತ್ರ ತಾನಾಗಿ ಬ್ರೇಕಿಗೆ ಹೋಯಿತು. ಮಲಗಿದ ಮಗುವನ್ನು ದಾಟುವವರಂತೆ ಕಾರು ಗುಂಡಿಯ ಅಂಚು ಬಳಸಿ ಹೋಯಿತು. ಹಂಪು ಬಂದಾಗ ಕಾರನ್ನು ಓರೆ ಮಾಡಿ, ಒಂದೊಂದೇ ಚಕ್ರ ಏರಿಸಿ ಇಳಿಸಿದ. ಹಿಂದೆ ಹಾರ್ನುಗಳ ಮೇಳ. ಸೈಕಲ್ಲಿನ ಮುದುಕನೊಬ್ಬ ಕಾರನ್ನು ಹಿಂದೆ ಹಾಕುತ್ತಾ, "ಏನಪ್ಪಾ, ಮೊಟ್ಟೆ ಲೋಡಾ?" ಎಂದ.

ಬೆನ್ನುಮೂಳೆ ಹಾಗಿರಲಿ, ಸಾಹೇಬರ ರೆಪ್ಪೆಯೂ ಅಲುಗಲಿಲ್ಲ. ಅವರು ಗೊರಕೆ ಹೊಡೆಯುತ್ತಿದ್ದರು.

ಕನ್ನಡಿಯಲ್ಲಿ ಆ ತೆರೆದ ಬಾಯಿ ಕಂಡಾಗ ಗುಮಾಸ್ತನಿಗೆ ನಿವೃತ್ತಿಯವರೆಗಿನ ಬೆಳಗುಗಳೆಲ್ಲ ಕಂಡವು. ಕಚೇರಿಯ ತಿರುವಿನಲ್ಲಿ ಎಮ್ಮೆ ಮಲಗುವಷ್ಟು ದೊಡ್ಡ ಗುಂಡಿ. "ಕ್ಷಮಿಸು ಚಿನ್ನ," ಎಂದು ಚಕ್ರಕ್ಕೆ ಹೇಳಿ, ಕಣ್ಣು ಮುಚ್ಚಿ ನುಗ್ಗಿಸಿದ.

ಢಮಾರ್! ಟೈರು ಸಿಡಿಯಿತು, ರಿಮ್ಮು ಸೊಟ್ಟಗಾಯಿತು, ಸಾಹೇಬರ ತಲೆ ಚಾವಣಿಗೆ ಬಡಿದು ಕನ್ನಡಕ ಮುಂದಿನ ಸೀಟಿಗೆ ಹಾರಿತು.

ಸಾಹೇಬರು ನೆತ್ತಿ ನೀವಿಕೊಳ್ಳುತ್ತಾ ಇಳಿದು, ಸೊಟ್ಟ ಚಕ್ರವನ್ನು ಬಹಳ ಹೊತ್ತು ನೋಡಿದರು. ಗುಮಾಸ್ತ ಕಾದ. ಬಿಡುಗಡೆಯ ಆ ಒಂದು ಮಾತು ಇನ್ನೇನು ಬರಬೇಕು. ಸಾಹೇಬರು ಫೋನ್ ತೆಗೆದರು.

"ಹಲೋ, ಶೋರೂಮಾ? ಸಂಜೆ ನನ್ನ ಹೊಸ ಕಾರು ಮನೆಗೆ ತರ್ತೀವಿ ಅಂದಿದ್ರಲ್ಲ, ಬೇಡ್ರೀ. ಕ್ಯಾನ್ಸಲ್ ಮಾಡಿ. ಈ ರಸ್ತೇಲಿ ಸ್ವಂತ ಕಾರು ಇಟ್ಕೊಳ್ಳೋನು ಮುಠ್ಠಾಳ."

ಫೋನ್ ಜೇಬಿಗಿಟ್ಟು, ಗುಮಾಸ್ತನ ಹೆಗಲ ಮೇಲೆ ಕೈಯಿಟ್ಟರು. "ಹಳೇ ಚಕ್ರ ಎಸೆದಿಲ್ಲ ತಾನೇ? ಅದನ್ನೇ ಹಾಕ್ಸಿ. ನಾಳೆ ಸ್ವಲ್ಪ ಮುಂಚೆ ಬನ್ನಿ, ನಮ್ಮನೆಯವಳನ್ನೂ ಅವಳ ಆಫೀಸಿಗೆ ಬಿಟ್ಟು ಹೋಗೋಣ. ಪಾಪ, ಅವಳೂ ಹೊಸ ಕಾರಿಗೆ ಕಾಯ್ತಾ ಇದ್ಲು."