ಹತ್ತು ದಿನದ ಕೊರತೆ

ಇಪ್ಪತ್ತು ವರ್ಷಗಳ ಹಿಂದೆ, ಜೈಲಿನೊಳಗೇ ಕುಳಿತು ಮೂರು ಬಾರಿ ನಪಾಸಾಗಿ, ನಾಲ್ಕನೆಯ ಬಾರಿಗೆ ಆತ ಬಿ.ಎ. ಪಾಸು ಮಾಡಿದ್ದ. ಕದ್ದ ಲಾರಿಯನ್ನು ನಿಲ್ಲಿಸಲು ತಿಳಿಯದೆ ಪೊಲೀಸ್ ಠಾಣೆಯ ಗೋಡೆಗೇ ಗುದ್ದಿ ಒಳಗೆ ಬಂದವನು, ಅಂದಿನಿಂದ ಎಲ್ಲರ ಬಾಯಲ್ಲಿ ‘ಪದವೀಧರ’ನಾದ.

ಬೆನ್ನಿಗೇ ಕೆಲಸವೂ ಅರಸಿ ಬಂತು. ಪಠ್ಯಪುಸ್ತಕ ಅಚ್ಚುಹಾಕುವ ಸಂಸ್ಥೆಯೊಂದು ಜೈಲಿನಲ್ಲೇ ಮೇಜು ಹಾಕಿಸಿ, ಕರಡು ತಿದ್ದಲು ಪದವಿ ಪಡೆದ ಕೈದಿಯನ್ನು ಹುಡುಕುತ್ತಿತ್ತು. ಬಿಡುಗಡೆಯ ಬಳಿಕವೂ ಕೆಲಸ ಖಾಯಂ. ಲಾರಿ ಕದ್ದವನಿಗೆ ಹೊರಗೆ ಬೇರೆ ಯಾರು ಕೆಲಸ ಕೊಟ್ಟಾರು? ಷರತ್ತು ಒಂದೇ: ಕನಿಷ್ಠ ಎರಡು ವರ್ಷ ಶಿಕ್ಷೆ ಉಳಿದಿರಬೇಕು. ಪದವೀಧರನಿಗೆ ಎರಡು ವರ್ಷ ಇಪ್ಪತ್ತು ದಿನ ಉಳಿದಿತ್ತು. ಜೊತೆಗೇ ಓದಿ ಮೊದಲ ಬಾರಿಗೇ ಪಾಸಾಗಿದ್ದ, ಕೈದಿಗಳ ಕ್ಷೌರ ಮಾಡುವ ಕತ್ತರಿಯಣ್ಣನಿಗೆ ಎರಡು ತಿಂಗಳು ಸಾಲದೆ ಅವಕಾಶ ತಪ್ಪಿತ್ತು.

ಆಯ್ಕೆಯ ದಿನ ಸಂಜೆ ಐದಕ್ಕೆ ಸಂಸ್ಥೆಯವರು ಬರುವವರಿದ್ದರು. ಬೆಳಗ್ಗೆಯೇ ಗೆಳೆಯರಿಗೆ ಉಪಕಾರದ ಹುಚ್ಚು ಹಿಡಿಯಿತು. ನಲವತ್ತು ಮಂದಿ ಹೆಬ್ಬೆಟ್ಟೊತ್ತಿ, ಇವನಂಥ ಸಾಧುಪ್ರಾಣಿ ಇನ್ನೊಂದಿಲ್ಲವೆಂದು ಸೂಪರಿಂಟೆಂಡೆಂಟರಿಗೆ ಅರ್ಜಿ ಕೊಟ್ಟರು. ಸಾಹೇಬರು ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗಿ, ಸನ್ನಡತೆಗೆಂದು ಮೂವತ್ತು ದಿನ ಶಿಕ್ಷೆ ಕಡಿತ ಮಾಡಿಬಿಟ್ಟರು.

“ಸಾರ್, ಎರಡು ವರ್ಷಕ್ಕೆ ಹತ್ತು ದಿನ ಕಮ್ಮಿ ಆಗೋಯ್ತಲ್ಲ. ದಯವಿಟ್ಟು ವಾಪಸ್ ತಗೊಳ್ಳಿ.”

“ತಪ್ಪು ಮಾಡಿದ್ರೆ ಮಾತ್ರ ವಾಪಸ್ ತಗೊಳ್ಳೋಕೆ ಬರೋದಪ್ಪ. ನೀನೆಲ್ಲಿ ತಪ್ಪು ಮಾಡ್ತೀಯ.”

ಇಷ್ಟೇ ತಾನೆ ಎಂದುಕೊಂಡ ಪದವೀಧರ, ಸಾಹೇಬರ ಕಣ್ಣೆದುರಿಗೇ ಅವರ ಮುದ್ದಿನ ಹೂಕುಂಡವನ್ನು ಝಾಡಿಸಿ ಒದ್ದ. ಕುಂಡ ಉರುಳಿತು. ಚೆಲ್ಲಿದ ಮಣ್ಣಿನೊಳಗಿಂದ ಒಂದು ಮೊಬೈಲು, ಹೆಗ್ಗಣ ಹೊರಬಂದಂತೆ ಹೊರಬಂತು. ಒಂದು ತಿಂಗಳಿಂದ ಜೈಲಿನ ಸಿಬ್ಬಂದಿಯೆಲ್ಲ ಅದನ್ನೇ ಹುಡುಕುತ್ತಿದ್ದರು.

ಸಾಹೇಬರು ಅವನನ್ನು ತಬ್ಬಿಕೊಂಡು ಮತ್ತೆ ಮೂವತ್ತು ದಿನ ಕಡಿತ ಮಾಡಿದರು.

ಮೊಬೈಲು ಕತ್ತರಿಯಣ್ಣನದು. ಅವನಿಗೆ ಹಿಂದೆ ಸಿಕ್ಕಿದ್ದ ನಾಲ್ಕು ತಿಂಗಳ ಕಡಿತವೆಲ್ಲ ಅಲ್ಲಿಯೇ ರದ್ದಾಯಿತು. ಐದಕ್ಕೆ ಬಂದ ಸಂಸ್ಥೆಯವರು ಲೆಕ್ಕ ನೋಡಿದರು: ಪದವಿ ಪಡೆದು ಎರಡು ವರ್ಷಕ್ಕೂ ಹೆಚ್ಚು ಶಿಕ್ಷೆ ಉಳಿದ ಕೈದಿ ಈಗ ಎರಡು ವರ್ಷ ಎರಡು ತಿಂಗಳಿನ ಕತ್ತರಿಯಣ್ಣನೊಬ್ಬನೇ. ಸಹಿ ಹಾಕಿದವನು, ಇನ್ನು ಬೇಡವಾದ ತನ್ನ ಕತ್ತರಿಯನ್ನು ಗೆಳೆಯನ ಕೈಗಿತ್ತು ಮೇಜಿನತ್ತ ನಡೆದ.

“ಬೇಜಾರು ಮಾಡ್ಕೋಬೇಡ ಕಣಯ್ಯ,” ಎಂದ. “ಇದೂ ತಿದ್ದೋ ಕೆಲಸಾನೇ.”

ಕತೆ ಇಲ್ಲಿಗೆ ಮುಗಿಸಿ, ಬಿ.ಎ. ಪ್ರಮಾಣಪತ್ರ ತೂಗುಹಾಕಿದ ತನ್ನ ಕ್ಷೌರದಂಗಡಿಯಲ್ಲಿ ಪದವೀಧರ ಮೊಮ್ಮಗಳ ಹಣೆಯ ಮೇಲಿನ ಕೂದಲನ್ನು ನೇರಮಾಡತೊಡಗಿದ.

“ತಾತ,” ಎಂದಿತು ಬಿಳಿಬಟ್ಟೆಯೊಳಗಿನ ಪುಟ್ಟ ತಲೆ, “ಹೂಕುಂಡ ಒದ್ದಿದ್ದು ಇನ್ನೊಂದ್ಸಲ ಹೇಳು.”